ರಿಪೋರ್ಟ್ ಎಲ್ಲ ನಾರ್ಮಲ್, ತಣ್ಣೀರು ಮಾತ್ರ ಸುಡುತ್ತಿದೆ

ಪ್ರಶ್ನೆ: ಡಾಕ್ಟರೇ, ಮೂರು ವಾರದ ಹಿಂದೆ ಹವಳದ ದಿಬ್ಬಗಳಿರುವ ಒಂದು ದ್ವೀಪಕ್ಕೆ ಹೋಗಿದ್ದೆವು. ಸ್ನೇಹಿತರ ಮನೆಯಲ್ಲಿ ದೊಡ್ಡ ಮೀನೊಂದರ ಊಟ ಆಯಿತು. ತಿಂದವರು ನಾಲ್ಕು ಜನ. ಐದು ಗಂಟೆ ಕಳೆದ ಮೇಲೆ ಮೂವರಿಗೆ ವಾಂತಿ, ಭೇದಿ ಶುರುವಾಯಿತು. ಎರಡು ದಿನದಲ್ಲಿ ಅದು ನಿಂತಿತು. ಆದರೆ ನನಗೆ ತುಟಿ ಮತ್ತು ಬೆರಳ ತುದಿಯ ಜುಮುಜುಮು ಇನ್ನೂ ಹೋಗಿಲ್ಲ. ತಣ್ಣೀರು ಮುಟ್ಟಿದರೆ ಸುಟ್ಟ ಹಾಗಾಗುತ್ತದೆ. ರಾತ್ರಿಯೆಲ್ಲ ತುರಿಕೆ. ರಕ್ತ, ಮೂತ್ರ, ಸ್ಕ್ಯಾನ್ ಎಲ್ಲ ನಾರ್ಮಲ್ ಬಂದಿದೆ. ಟೆನ್ಷನ್ ಇರಬೇಕು ಅಂದರು. ಇದಕ್ಕೆ ಟೆಸ್ಟ್ ಅಂತ ಏನಾದರೂ ಇದೆಯಾ? ಆ ಮೀನಿನ ಒಂದು ತುಂಡು ಅವರ ಫ್ರೀಜರ್‌ನಲ್ಲಿ ಇನ್ನೂ ಇದೆಯಂತೆ, ಎಸೆಯಲು ಹೇಳಲಾ? ಇನ್ನೊಂದು ವಿಷಯ. ನಮ್ಮ ಮಕ್ಕಳು ಹಸಿರುಗಟ್ಟಿದ ಕೆರೆಯಲ್ಲಿ ಈಜುತ್ತಾರೆ. ಅಲ್ಲೂ ಇಂಥ ವಿಷ ಇರಬಹುದಂತೆ, ನಿಜವಾ? ಅದನ್ನು ಹೇಗೆ ಪತ್ತೆ ಮಾಡುತ್ತಾರೆ?

ಉತ್ತರ: ಮೊದಲು ಆ ಸ್ನೇಹಿತರಿಗೆ ಫೋನ್ ಮಾಡಿ. ತುಂಡನ್ನು ಎಸೆಯುವುದು ಬೇಡ, ಯಾರೂ ತಿನ್ನುವುದೂ ಬೇಡ. ಇನ್ನೊಂದು ಚೀಲದಲ್ಲಿ ಸುತ್ತಿ, ತಾರೀಕು ಬರೆದು, ತಿನ್ನಬೇಡಿ ಅಂತ ಚೀಟಿ ಅಂಟಿಸಿ ಫ್ರೀಜರ್‌ನಲ್ಲೇ ಇಡಲಿ. ನಿಮ್ಮ ರಕ್ತದಲ್ಲಿ ಸಿಗದ ಪುರಾವೆ ಆ ತುಂಡಿನಲ್ಲಿ ಸಿಗಬಹುದು.

ಇದು ಟೆನ್ಷನ್ ಅಲ್ಲ. ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ನೆನಪಾದ ಹೆಸರು ಸಿಗ್ವಟೆರ, ಅಂದರೆ ಹವಳದ ದಿಬ್ಬದ ಮೀನು ತಿಂದು ಆಗುವ ವಿಷಬಾಧೆ. ಪತ್ರ ನೋಡಿಯೇ ರೋಗ ಇದೇ ಅಂತ ತೀರ್ಮಾನಿಸುವುದು ತಪ್ಪು, ಒಬ್ಬ ಡಾಕ್ಟರು ಎದುರು ಕೂತು ನಿಮ್ಮನ್ನು ಪರೀಕ್ಷಿಸಲೇಬೇಕು. ಆದರೂ ಹವಳದ ದಿಬ್ಬದ ದೊಡ್ಡ ಮೀನು, ಕೆಲವು ಗಂಟೆ ಬಿಟ್ಟು ಹೊಟ್ಟೆ ಕೆಡುವುದು, ಆಮೇಲೆ ಜುಮುಜುಮು, ತಣ್ಣನೆಯದು ಸುಡುವುದು, ತುರಿಕೆ, ಇಷ್ಟೂ ಒಬ್ಬರಲ್ಲೇ ಸೇರಿದಾಗ ಬೇರೆ ಕಾಯಿಲೆಗೆ ಜಾಗ ತುಂಬ ಕಡಿಮೆ.

ಹವಳದ ದಿಬ್ಬದಲ್ಲಿ ಗ್ಯಾಂಬಿಯರ್‌ಡಿಸ್ಕಸ್ ಅನ್ನುವ ಬಲು ಸಣ್ಣ ಪಾಚಿಜೀವಿ ಬೆಳೆಯುತ್ತದೆ. ಸಿಗ್ವಟಾಕ್ಸಿನ್ ಅನ್ನುವ ವಿಷದ ಮೂಲ ಅದೇ. ಸಣ್ಣ ಮೀನು ಪಾಚಿ ಮೇಯುವಾಗ ಅದನ್ನೂ ನುಂಗುತ್ತದೆ. ಸಣ್ಣದನ್ನು ದೊಡ್ಡದು ತಿನ್ನುತ್ತದೆ. ಹೀಗೆ ವರ್ಷಗಟ್ಟಲೆ ವಿಷ ಶೇಖರವಾಗಿ ಬ್ಯಾರಕೂಡ, ಗ್ರೂಪರ್, ಸ್ನ್ಯಾಪರ್, ಮೊರೆ ಈಲ್‌ನಂಥ ಬೇಟೆಗಾರ ಮೀನಿನಲ್ಲಿ ಜಾಸ್ತಿಯಾಗುತ್ತದೆ. ಮೀನಿಗೆ ಏನೂ ಆಗಿರುವುದಿಲ್ಲ. ವಾಸನೆ, ರುಚಿ, ಬಣ್ಣ ಯಾವುದೂ ಬದಲಾಗುವುದಿಲ್ಲ. ಬೇಯಿಸಿದರೂ ಹುರಿದರೂ ಫ್ರೀಜ್ ಮಾಡಿದರೂ ವಿಷ ಹಾಗೇ ಇರುತ್ತದೆ. ಹಾಗಾಗಿ ನಿಮಗೆ ಊಟ ಹಾಕಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರು ಎಷ್ಟು ಶುಚಿಯಾಗಿ ಅಡುಗೆ ಮಾಡಿದ್ದರೂ ಇದು ಆಗುತ್ತಿತ್ತು.

ರಿಪೋರ್ಟ್ ಯಾಕೆ ನಾರ್ಮಲ್ ಬಂತು? ಈ ವಿಷಕ್ಕೆ ಬೇಕಾಗುವ ಪ್ರಮಾಣ ಅಷ್ಟು ಸಣ್ಣದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಪೆಸಿಫಿಕ್ ಸಾಗರದ ಸಿಗ್ವಟಾಕ್ಸಿನ್‌ಗೆ ಇಟ್ಟಿರುವ ಮಿತಿ ಒಂದು ಕಿಲೋ ಮೀನಿಗೆ 0.01 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂ ಅನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅದು ರಕ್ತಕಣವನ್ನಾಗಲಿ ಲಿವರನ್ನಾಗಲಿ ಕೆಡಿಸುವುದಿಲ್ಲ, ನರದ ಮೇಲಿರುವ ಸೋಡಿಯಂ ಬಾಗಿಲುಗಳನ್ನು ಕೆಡಿಸುತ್ತದೆ. ನರದಲ್ಲಿ ಸಂದೇಶ ಸಾಗಬೇಕಾದರೆ ಈ ಬಾಗಿಲು ಒಂದು ಕ್ಷಣ ತೆರೆದು ಮುಚ್ಚಬೇಕು. ಸಿಗ್ವಟಾಕ್ಸಿನ್ ಅಂಟಿಕೊಂಡರೆ ಅದು ಬೇಡದಾಗ ತೆರೆಯುತ್ತದೆ, ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ನರ ಸುಮ್ಮಸುಮ್ಮನೆ ಮಿಡಿಯುತ್ತಲೇ ಇರುತ್ತದೆ. ನಿಮ್ಮ ಜುಮುಜುಮು, ತುರಿಕೆ, ಉರಿ ಎಲ್ಲ ಅದೇ. ಸಾಮಾನ್ಯ ರಕ್ತಪರೀಕ್ಷೆ ಈ ಬಾಗಿಲನ್ನು ನೋಡುವುದೇ ಇಲ್ಲ. ರೋಗಿಯ ರಕ್ತದಲ್ಲಿ ಸಿಗ್ವಟಾಕ್ಸಿನ್ ಇದೆಯಾ ಅಂತ ಆಸ್ಪತ್ರೆಯಲ್ಲಿ ನಂಬಿ ಮಾಡಿಸಬಹುದಾದ ಪರೀಕ್ಷೆ ಇವತ್ತಿಗೂ ಇಲ್ಲ. ಹಾಗಾಗಿ ನಾರ್ಮಲ್ ಅಂದರೆ ಆ ಪರೀಕ್ಷೆಗಳು ಹುಡುಕಿದ್ದು ಸಿಗಲಿಲ್ಲ ಅಂತ ಮಾತ್ರ. ನಿಮಗೆ ಏನೂ ಆಗಿಲ್ಲ ಅಂತ ಅಲ್ಲ.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಕಥೆ ಕೇಳಿ. ನೀರಿನ ವಿಷಗಳ ವಿಚಾರದಲ್ಲಿ ರೋಗಿ ಹೇಳುವ ಕಥೆಯೇ ಮುಖ್ಯ ಪರೀಕ್ಷೆ. ಏನು ತಿಂದರು, ಎಷ್ಟು ಹೊತ್ತಿಗೆ ಶುರುವಾಯಿತು, ಜೊತೆಯಲ್ಲಿ ತಿಂದವರಿಗೆ ಏನಾಯಿತು, ಮೊದಲು ಕೆಟ್ಟದ್ದು ಹೊಟ್ಟೆಯಾ ನರವಾ, ಜ್ವರ ಇತ್ತಾ. ಈ ಐದು ಪ್ರಶ್ನೆ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯುತ್ತದೆ. ಕೇಳದಿದ್ದರೆ ಎಷ್ಟು ಸ್ಕ್ಯಾನ್ ಮಾಡಿಸಿದರೂ ಉಪಯೋಗವಿಲ್ಲ. ಪಾಚಿ ವಿಷಗಳಲ್ಲಿ ಸಾಮಾನ್ಯವಾಗಿ ಜ್ವರ ಬರುವುದಿಲ್ಲ ಅನ್ನುವುದನ್ನು ವಿಶೇಷವಾಗಿ ನೆನಪಿಡಿ. ಜ್ವರ ಇದ್ದರೆ ನಾನು ಮೊದಲು ಸೋಂಕನ್ನು ಹುಡುಕುತ್ತೇನೆ.

ಗಡಿಯಾರದಿಂದ ಶುರು ಮಾಡೋಣ. ತಿಂದ ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗಿ, ತಲೆ ಸಿಡಿದು, ಎದೆ ಡವಡವ ಅಂದರೆ ಅದು ಹೆಚ್ಚಾಗಿ ಸ್ಕಾಂಬ್ರಾಯ್ಡ್. ಇದು ಪಾಚಿಯ ವಿಷವಲ್ಲ. ಟ್ಯೂನಾ, ಬಂಗುಡೆ, ಬೂತಾಯಿಯಂಥ ಮೀನನ್ನು ಹಿಡಿದ ಮೇಲೆ ಸಾಕಷ್ಟು ತಂಪಿನಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾ ಸೇರಿ ಅದರ ಮಾಂಸದಲ್ಲಿ ಹಿಸ್ಟಮಿನ್ ತಯಾರು ಮಾಡುತ್ತವೆ. ಆಮೇಲೆ ಬೇಯಿಸಿದರೂ ಹೋಗುವುದಿಲ್ಲ. ನಾಲಿಗೆಗೆ ಮೆಣಸಿನ ಖಾರ ಹತ್ತಿದ ಹಾಗಿತ್ತು ಅಂತ ಕೆಲವರು ಹೇಳುತ್ತಾರೆ. ನೋಡಲು ಥೇಟ್ ಅಲರ್ಜಿ.

ನಾನು ಹೊಸದಾಗಿ ಡಾಕ್ಟರ್ ಆಗಿದ್ದಾಗ ಒಬ್ಬ ಹೆಂಗಸು ಹೀಗೇ ಕೆಂಪು ಮುಖ ಹೊತ್ತು ಬಂದರು. ಇಂಜೆಕ್ಷನ್ ಕೊಟ್ಟು, ಫೈಲಿನಲ್ಲಿ ಮೀನಿನ ಅಲರ್ಜಿ ಅಂತ ಬರೆದು, ಇನ್ನು ಜೀವನದಲ್ಲಿ ಮೀನು ಮುಟ್ಟಬೇಡಿ ಅಂದೆ. ಹೊರಗೆ ಬೆಂಚಿನ ಮೇಲೆ ಅವರ ಗಂಡ ಕೂತಿದ್ದರು, ಅವರ ಮುಖವೂ ಕೆಂಪಗಿತ್ತು. ನಾನು ನೋಡಿದ್ದೆ, ಆದರೆ ಕೇಳಲಿಲ್ಲ. ಇಬ್ಬರಿಗೂ ಒಂದೇ ಊಟದಿಂದ ಒಂದೇ ಹೊತ್ತಿಗೆ ಅಲರ್ಜಿ ಬರುವುದು ತೀರ ಅಪರೂಪ ಅಂತ ಆಗ ಹೊಳೆಯಲಿಲ್ಲ. ಆ ಒಂದು ಸಾಲಿನಿಂದ ಅವರು ಎಷ್ಟು ವರ್ಷ ಮೀನು ಬಿಟ್ಟರೋ ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ. ಅನುಮಾನ ಇದ್ದಾಗ ಮೊದಲ ಕೆಲವು ಗಂಟೆಗಳಲ್ಲಿ ರಕ್ತದ ಟ್ರಿಪ್ಟೇಸ್ ನೋಡಬಹುದು. ಜೋರು ಅಲರ್ಜಿಯಲ್ಲಿ ಅದು ಏರುವುದುಂಟು, ಸ್ಕಾಂಬ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಏರುವುದಿಲ್ಲ. ಉಸಿರು ಕಟ್ಟುತ್ತಿದ್ದರೆ ಅಥವಾ ಬಿಪಿ ಬಿದ್ದಿದ್ದರೆ ಮಾತ್ರ ಈ ಲೆಕ್ಕಾಚಾರಕ್ಕೆ ಕೂರಬಾರದು, ಅಲರ್ಜಿ ಅಂತಲೇ ತಿಳಿದು ಮೊದಲು ಜೀವ ಉಳಿಸಬೇಕು.

ಅದೇ ಮೊದಲ ಗಂಟೆಗಳಲ್ಲಿ ತುಟಿ, ನಾಲಿಗೆ ಮರಗಟ್ಟಿ, ಮೈ ತೇಲಿದಂತಾಗಿ, ಕೈಕಾಲು ಸೋಲತೊಡಗಿದರೆ ನನಗೆ ಭಯವಾಗುತ್ತದೆ. ಇಲ್ಲಿ ಎರಡು ವಿಷ ನೆನಪಾಗಬೇಕು. ಚಿಪ್ಪುಮೀನು ತಿಂದಿದ್ದರೆ ಸ್ಯಾಕ್ಸಿಟಾಕ್ಸಿನ್. ಮೈ ಉಬ್ಬಿಸಿಕೊಳ್ಳುವ ಪಫರ್ ಮೀನು ತಿಂದಿದ್ದರೆ ಟೆಟ್ರೊಡೊಟಾಕ್ಸಿನ್. ಎರಡೂ ಅದೇ ಸೋಡಿಯಂ ಬಾಗಿಲಿಗೆ ಹೋಗುತ್ತವೆ, ಆದರೆ ಸಿಗ್ವಟಾಕ್ಸಿನ್‌ಗೆ ತದ್ವಿರುದ್ಧವಾಗಿ ಬಾಗಿಲಿಗೆ ಅಗುಳಿ ಹಾಕಿಬಿಡುತ್ತವೆ. ಮೊದಲು ಸ್ಪರ್ಶ ಹೋಗುತ್ತದೆ, ಆಮೇಲೆ ಶಕ್ತಿ, ಕೊನೆಗೆ ಉಸಿರು.

1774ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ ಒಂದು ಹೊಸ ಮೀನಿನ ಲಿವರ್ ಮತ್ತು ಮೊಟ್ಟೆಯನ್ನು ಸ್ವಲ್ಪವೇ ರುಚಿ ನೋಡಿದರು. ಬೆಳಗಿನ ಜಾವಕ್ಕೆ ಮೈ ಮರಗಟ್ಟಿತ್ತು. ಕೈಯಲ್ಲಿ ಹಿಡಿದದ್ದು ನೀರು ತುಂಬಿದ ಪಾತ್ರೆಯೋ ಹಕ್ಕಿಯ ಗರಿಯೋ, ಭಾರವೇ ತಿಳಿಯುತ್ತಿರಲಿಲ್ಲ ಅಂತ ಅವರು ದಿನಚರಿಯಲ್ಲಿ ಬರೆದಿದ್ದಾರೆ. ಆ ಮೀನಿನ ಕರುಳು ತಿಂದ ಹಂದಿ ಬೆಳಗ್ಗೆ ಸತ್ತುಬಿದ್ದಿತ್ತು. ಇವತ್ತು ಓದುವವರಿಗೆ ಅದು ಪಫರ್ ವಿಷ ಅಂತ ಗೊತ್ತಾಗುತ್ತದೆ. ಯಾವ ಲ್ಯಾಬೂ ಇಲ್ಲದೆ, ಇನ್ನೂರೈವತ್ತು ವರ್ಷದ ಹಿಂದಿನ ಒಂದು ದಿನಚರಿಯಿಂದ ರೋಗ ತಿಳಿಯುತ್ತದೆ ನೋಡಿ. ಕಥೆ ಅಷ್ಟು ಮುಖ್ಯ ಅಂದದ್ದು ಇದಕ್ಕೇ.

ಸ್ಯಾಕ್ಸಿಟಾಕ್ಸಿನ್ ಮಕ್ಕಳ ವಿಷಯದಲ್ಲಿ ಇನ್ನೂ ಕ್ರೂರಿ. 1987ರಲ್ಲಿ ಗ್ವಾಟೆಮಾಲಾದ ಕರಾವಳಿಯಲ್ಲಿ ಕ್ಲಾಮ್ ಚಿಪ್ಪಿನ ಸಾರು ಕುಡಿದು 187 ಮಂದಿ ಕಾಯಿಲೆ ಬಿದ್ದರು, 26 ಮಂದಿ ತೀರಿಕೊಂಡರು. ಸಾವಿನ ಪ್ರಮಾಣ ದೊಡ್ಡವರಿಗಿಂತ ಪುಟ್ಟ ಮಕ್ಕಳಲ್ಲಿ ತುಂಬ ಜಾಸ್ತಿ ಇತ್ತು. ಈ ವಿಷಕ್ಕೆ ಮದ್ದಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ವೆಂಟಿಲೇಟರ್ ಸಿಕ್ಕಿ ಮೊದಲ ಒಂದು ದಿನ ದಾಟಿದರೆ ಬಹುಪಾಲು ಜನ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಲ್ಯಾಬ್ ಉತ್ತರಕ್ಕೆ ಕಾಯುವ ಹಾಗಿಲ್ಲ. ಮೂತ್ರದ ಸ್ಯಾಂಪಲ್ ಮಾತ್ರ ಬೇಗ ತೆಗೆದು ಫ್ರೀಜ್ ಮಾಡಬೇಕು. ಈ ಎರಡೂ ವಿಷ ರಕ್ತದಿಂದ ಬೇಗ ಜಾರಿಹೋಗುತ್ತವೆ, ಮೂತ್ರದಲ್ಲಿ ಸ್ವಲ್ಪ ಹೆಚ್ಚು ಕಾಲ ಸಿಗುತ್ತವೆ. ದೊಡ್ಡ ಲ್ಯಾಬ್‌ಗಳು ಅದರಲ್ಲಿ ಹುಡುಕಿ ಖಚಿತ ಮಾಡಬಲ್ಲವು.

ಇಲ್ಲಿ ಡಾಕ್ಟರುಗಳಿಗೂ ಒಂದು ಮಾತು. ಪಫರ್ ವಿಷ ಜೋರಾಗಿ ಏರಿದವರ ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಕದಲದೆ ನಿಲ್ಲಬಹುದು. ಕೈಕಾಲು ಆಡುವುದಿಲ್ಲ. ನೋಡಿದವರಿಗೆ ಮಿದುಳೇ ಸತ್ತಿದೆ ಅನ್ನಿಸುತ್ತದೆ. ಆದರೆ ಆ ಮನುಷ್ಯನಿಗೆ ಪೂರ್ತಿ ಎಚ್ಚರ ಇರಬಹುದು, ಸುತ್ತ ಆಡುವ ಪ್ರತಿ ಮಾತೂ ಕೇಳಿಸುತ್ತಿರಬಹುದು. ಅವರ ಕಿವಿಯ ಹತ್ತಿರ ಹೋಗಿ ಹೆಸರು ಹಿಡಿದು ಮಾತಾಡಿ, ಏನಾಗುತ್ತಿದೆ ಅಂತ ಹೇಳಿ. ಪ್ರಯತ್ನ ನಿಲ್ಲಿಸುವ ಮಾತನ್ನು ಆ ಹಾಸಿಗೆಯ ಪಕ್ಕದಲ್ಲಿ ಆಡಲೇಬೇಡಿ.

ಉಳಿದ ಚಿಪ್ಪುಮೀನಿನ ವಿಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಒಕಡಾಯಿಕ್ ಆಸಿಡ್‌ನಿಂದ ಬರೀ ಭೇದಿ, ವಾಂತಿ, ಮೂರು ದಿನದಲ್ಲಿ ವಾಸಿ. ಬಹಳಷ್ಟು ಸಲ ಮಾಮೂಲಿ ಹೊಟ್ಟೆ ಕೆಟ್ಟಿದ್ದು ಅಂತಲೇ ದಾಖಲಾಗುತ್ತದೆ. ಬ್ರೆವಿಟಾಕ್ಸಿನ್‌ನಿಂದ ಜುಮುಜುಮು, ಬಿಸಿ-ತಣ್ಣನೆಯ ಗೊಂದಲ ಎಲ್ಲ ಬರುತ್ತದೆ, ಆದರೆ ತಿಂದದ್ದು ಚಿಪ್ಪುಮೀನಾಗಿರುತ್ತದೆ. ಪಾಚಿ ಹೆಚ್ಚಿ ಸಮುದ್ರ ಕೆಂಪಾಗುವ ಕೆಂಪು ಅಲೆ ಎದ್ದ ದಿನ ದಡದಲ್ಲಿ ಸುಮ್ನೆ ನಡೆದಾಡಿದವರಿಗೂ ಈ ವಿಷ ಗಾಳಿಯಲ್ಲಿ ತೇಲಿ ಬಂದು ಕೆಮ್ಮು ಬರಿಸುತ್ತದೆ.

ಡೊಮೊಯಿಕ್ ಆಸಿಡ್ ಬೇರೆಯೇ ಕಥೆ. 1987ರ ಕೊನೆಯಲ್ಲಿ ಕೆನಡಾದಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಸ್ಸೆಲ್ ಚಿಪ್ಪು ತಿಂದ 107 ಮಂದಿ ಕಾಯಿಲೆ ಬಿದ್ದರು. ಮೊದಲು ವಾಂತಿ, ಭೇದಿ. ಎರಡು ದಿನದೊಳಗೆ ಕೆಲವರಿಗೆ ಗೊಂದಲ, ಫಿಟ್ಸ್, ಆಮೇಲೆ ಮರೆವು. ಹಳೆಯದೆಲ್ಲ ನೆನಪಿದೆ, ಹೊಸದು ಮಾತ್ರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಹೊಡೆತ ಜಾಸ್ತಿ ಬಿತ್ತು. ವಯಸ್ಸಾದವರೊಬ್ಬರು ಚಿಪ್ಪುಮೀನು ತಿಂದು ವಾಂತಿ ಮಾಡಿ, ಮಾರನೆಯ ದಿನ ಮನೆಯವರ ಹೆಸರು ತಪ್ಪಿಸಿದರೆ ಅದನ್ನು ವಯಸ್ಸಿನ ಮರೆವು ಅಂತ ಬಿಡಬೇಡಿ.

ಈಗ ನಿಮ್ಮ ಸಿಗ್ವಟೆರಕ್ಕೆ ಬರುತ್ತೇನೆ. ಹೊಟ್ಟೆಯ ತೊಂದರೆ ಸಾಮಾನ್ಯವಾಗಿ ಮೂರರಿಂದ ಆರು ಗಂಟೆಯಲ್ಲಿ, ಕೆಲವೊಮ್ಮೆ ಒಂದು ದಿನ ಬಿಟ್ಟು ಶುರುವಾಗುತ್ತದೆ. ನರದ ತೊಂದರೆ ಅದರ ಹಿಂದೆಯೇ ಬರುತ್ತದೆ. ತಣ್ಣನೆಯದನ್ನು ಮುಟ್ಟಿದಾಗ ಸುಡುವುದು, ಶಾಕ್ ಹೊಡೆದ ಹಾಗಾಗುವುದು ಇದರ ದೊಡ್ಡ ಗುರುತು. ಇದನ್ನು ಪರೀಕ್ಷಿಸಲು ಮೆಷಿನ್ ಬೇಡ. ತಣ್ಣೀರಿನ ಲೋಟ ಕೈಗೆ ಕೊಟ್ಟು ಏನನ್ನಿಸುತ್ತದೆ ಅಂತ ಕೇಳಿದರೆ ಸಾಕು. ಹಲ್ಲು ಸಡಿಲವಾದ ಹಾಗೆ ಅನ್ನಿಸಿತ್ತಾ? ಬಾಯಲ್ಲಿ ಲೋಹದ ರುಚಿ? ಮೊದಲ ದಿನಗಳಲ್ಲಿ ನಾಡಿ ನಿಧಾನ, ಎದ್ದು ನಿಂತರೆ ತಲೆಸುತ್ತು? ಇದ್ದರೆ ನಿಮ್ಮ ಡಾಕ್ಟರಿಗೆ ಅದನ್ನೂ ಹೇಳಿ, ಒಂದು ಇಸಿಜಿ ಮಾಡಿಸಿ. ನಾಲ್ಕನೆಯವರಿಗೆ ಯಾಕೆ ಏನೂ ಆಗಲಿಲ್ಲ ಅಂತ ನಿಮಗೆ ಅನುಮಾನ ಬಂದಿರಬಹುದು. ಅವರು ಎಷ್ಟು ತಿಂದರು, ಯಾವ ಭಾಗ ತಿಂದರು ಅಂತ ಕೇಳಿ ನೋಡಿ. ಲಿವರ್, ಕರುಳು, ತಲೆ, ಮೊಟ್ಟೆಯಲ್ಲಿ ವಿಷ ಹೆಚ್ಚು. ಒಂದೇ ಮೀನು ತಿಂದರೂ ಎಲ್ಲರಿಗೂ ಒಂದೇ ಪ್ರಮಾಣ ಸಿಗುವುದಿಲ್ಲ.

ನಿಮ್ಮ ಡಾಕ್ಟರು ಬೇರೆ ಕೆಲವನ್ನು ತಳ್ಳಿಹಾಕಬೇಕಾಗುತ್ತದೆ. ಗಿಯಾನ್ ಬಾರೆ ಅನ್ನುವ ನರದ ಕಾಯಿಲೆಯಲ್ಲಿ ನಿಶ್ಶಕ್ತಿ ದಿನದಿಂದ ದಿನಕ್ಕೆ ಏರುತ್ತದೆ, ಮೊಣಕಾಲು ತಟ್ಟಿದರೆ ಕಾಲು ಎಗರುವುದಿಲ್ಲ. ಬೊಟುಲಿಸಂ ಅನ್ನುವ, ಬ್ಯಾಕ್ಟೀರಿಯಾ ವಿಷದಿಂದ ಬರುವ ಕಾಯಿಲೆ ಕಣ್ಣು, ಗಂಟಲಿನಿಂದ ಶುರುವಾಗಿ ಕೆಳಗಿಳಿಯುತ್ತದೆ, ಸ್ಪರ್ಶ ಮಾತ್ರ ಚೆನ್ನಾಗಿಯೇ ಇರುತ್ತದೆ. ಕೀಟನಾಶಕ ಹೊಟ್ಟೆ ಸೇರಿದ್ದರೆ ಪಾಪೆ ಸಾಸಿವೆಯಷ್ಟಾಗಿ ಜೊಲ್ಲು, ಬೆವರು ಸುರಿಯುತ್ತದೆ. ಬಿ12 ಕೊರತೆ, ಸಕ್ಕರೆ ಕಾಯಿಲೆಯ ನರದ ತೊಂದರೆಯನ್ನೂ ಒಮ್ಮೆ ನೋಡಬೇಕು, ಆದರೆ ಅವು ಒಂದು ಊಟದ ಮಾರನೆಯ ದಿನ ಶುರುವಾಗುವ ಕಾಯಿಲೆಗಳಲ್ಲ. ನಿಮ್ಮ ರಿಪೋರ್ಟ್‌ಗಳು ಇಲ್ಲಿ ಉಪಯೋಗಕ್ಕೆ ಬಂದವು. ನಾರ್ಮಲ್ ಬಂದು ಇವುಗಳಲ್ಲಿ ಕೆಲವನ್ನು ದೂರ ಮಾಡಿದವು.

ಖಚಿತ ಮಾಡುವುದು ಫ್ರೀಜರ್‌ನ ಆ ತುಂಡು. ಸಮುದ್ರ ವಿಷಗಳನ್ನು ನೋಡುವ ಲ್ಯಾಬ್‌ಗಳು ಮೀನಿನ ಸಾರವನ್ನು ನರಕೋಶಗಳ ಮೇಲೆ ಹಾಕಿ ನೋಡುತ್ತವೆ, ಆಮೇಲೆ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ವಿಷದ ಗುರುತು ಹಿಡಿಯುತ್ತವೆ. ಇಂಥ ಲ್ಯಾಬ್‌ಗಳು ಕಡಿಮೆ. ಹಾಗಾಗಿ ಆ ದ್ವೀಪದ ಆರೋಗ್ಯ ಇಲಾಖೆಗೆ ನಿಮ್ಮ ಡಾಕ್ಟರ ಮೂಲಕ ವರದಿ ಹೋಗಬೇಕು, ತುಂಡನ್ನು ಅವರೇ ಕಳಿಸುವುದು ಸರಿಯಾದ ದಾರಿ. ಅದೇ ದಿಬ್ಬದ ಮೀನು ನಾಳೆ ಇನ್ನೊಂದು ಮನೆಯ ಊಟಕ್ಕೆ ಹೋಗುತ್ತದೆ ಅಲ್ವಾ?

ಇನ್ನು ಕೆರೆ. ನೀವು ಕೇಳಿದ್ದು ನಿಜ. ಹಸಿರುಗಟ್ಟಿದ ಸಿಹಿನೀರಿನಲ್ಲೂ ವಿಷ ಇರಬಹುದು. ಇದನ್ನು ಮಾಡುವುದು ನೀಲಿ-ಹಸಿರು ಪಾಚಿ ಅಂತ ಕರೆಯುವ ಸಯಾನೋಬ್ಯಾಕ್ಟೀರಿಯಾ. ಕೋಲು ಹಾಕಿ ಎತ್ತಿದರೆ ಕೂದಲಿನ ಹಾಗೆ ಜೋತುಬೀಳುವುದು ಹೆಚ್ಚಾಗಿ ಮಾಮೂಲಿ ಪಾಚಿ. ನೀರಿನ ಮೇಲೆ ಪೇಂಟ್ ಚೆಲ್ಲಿದ ಹಾಗೆ ಕೆನೆಗಟ್ಟಿದ್ದರೆ, ಕೋಲಿಗೆ ಬಣ್ಣ ಮೆತ್ತಿಕೊಂಡರೆ ಮಕ್ಕಳನ್ನು ಇಳಿಸಬೇಡಿ. ಅದರಲ್ಲಿ ವಿಷ ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ದಡದಲ್ಲಿ ನಾಯಿ, ದನ ಸತ್ತಿವೆ ಅನ್ನುವ ಸುದ್ದಿಯಂತೂ ದೊಡ್ಡ ಎಚ್ಚರಿಕೆ. ದಕ್ಷಿಣ ಆಸ್ಟ್ರೇಲಿಯಾದ ಸರೋವರವೊಂದರಲ್ಲಿ ಹೀಗೆ ಕುರಿಗಳು ಸಾಯುವುದನ್ನು ರಸಾಯನತಜ್ಞ ಜಾರ್ಜ್ ಫ್ರಾನ್ಸಿಸ್ 1878ರಲ್ಲೇ ಬರೆದಿದ್ದರು.

ಈಜಿ ಬಂದ ಮಕ್ಕಳಿಗೆ ಕಣ್ಣುರಿ, ಮೈ ಮೇಲೆ ದದ್ದು, ವಾಂತಿ ಬಂದರೆ ಎಷ್ಟು ಹೊತ್ತು ನೀರಲ್ಲಿದ್ದರು, ನೀರು ಕುಡಿದರಾ ಅಂತ ಕೇಳಬೇಕು. ಮೈಕ್ರೋಸಿಸ್ಟಿನ್ ಅನ್ನುವ ವಿಷ ಲಿವರಿಗೆ ಹೋಗುತ್ತದೆ. ಆದ್ದರಿಂದ ಲಿವರ್ ಪರೀಕ್ಷೆಯನ್ನು ಒಂದೇ ಸಲ ಮಾಡಿಸಿ ಸುಮ್ಮನಾಗಬಾರದು, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. ಇಲ್ಲೂ ಜ್ವರದ ಪ್ರಶ್ನೆ ಬರುತ್ತದೆ. ಕೆರೆಗೆ ಇಳಿದು ಒಂದೆರಡು ವಾರದ ಮೇಲೆ ಜ್ವರ, ಮೈಕೈ ನೋವು, ಕಣ್ಣು ಕೆಂಪು ಅಂದರೆ ನಾನು ಮೊದಲು ಇಲಿಜ್ವರ ನೋಡುತ್ತೇನೆ. ನೀರಿನ ಸ್ಯಾಂಪಲನ್ನು ಅದೇ ದಿನ, ಬೆಳಕು ಬೀಳದ ಗಾಜಿನ ಬಾಟಲಿಯಲ್ಲಿ, ತಂಪಾಗಿ ಇಟ್ಟು ಕಳಿಸಬೇಕು. ಗಾಳಿ ತಿರುಗಿದರೆ ಕೆನೆ ಇನ್ನೊಂದು ದಡಕ್ಕೆ ಹೋಗಿರುತ್ತದೆ.

ಈ ವಿಷ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಬ್ರೆಜಿಲ್‌ನ ಕರುವಾರು ಊರು ಸಾಕ್ಷಿ. 1996ರಲ್ಲಿ ಅಲ್ಲಿನ ಡಯಾಲಿಸಿಸ್ ಕೇಂದ್ರದ ನೀರಿನಲ್ಲಿ ಮೈಕ್ರೋಸಿಸ್ಟಿನ್ ಇತ್ತು. ಡಯಾಲಿಸಿಸ್‌ನಲ್ಲಿ ನೀರಿನ ವಿಷ ಹೊಟ್ಟೆಯನ್ನು ದಾಟದೆ ನೇರ ರಕ್ತಕ್ಕೆ ಸೇರುತ್ತದೆ. ರೋಗಿಗಳು ಮೊದಲು ಹೇಳಿದ್ದು ಕಣ್ಣು ಮಂಜಾಗುತ್ತಿದೆ, ವಾಕರಿಕೆ ಬರುತ್ತಿದೆ ಅಂತ. ನೂರು ಮಂದಿಗೆ ಲಿವರ್ ಕೈಕೊಟ್ಟಿತು. ಈ ವಿಷದಿಂದಲೇ ಅಂತ ಗುರುತಿಸಿದ ಸಾವು 52. ಇಂಥದೇ ಇನ್ನೊಂದು ಪಾಚಿ ವಿಷದಿಂದ ಆಸ್ಟ್ರೇಲಿಯಾದ ಪಾಮ್ ಐಲ್ಯಾಂಡ್‌ನಲ್ಲಿ 1979ರಲ್ಲಿ 148 ಮಂದಿ, ಹೆಚ್ಚಿನವರು ಮಕ್ಕಳು, ಲಿವರ್ ಊದಿ ವಾಂತಿಯೊಂದಿಗೆ ಆಸ್ಪತ್ರೆ ಸೇರಿದರು. ಅಲ್ಲಿ ಸುಳಿವು ಸಿಕ್ಕಿದ್ದು ತಾರೀಕಿನಿಂದ. ನೀರು ವಾಸನೆ ಬರುತ್ತಿದೆ ಅಂತ ಅಣೆಕಟ್ಟಿಗೆ ತಾಮ್ರದ ಸಲ್ಫೇಟ್ ಹಾಕಿದ್ದರು. ಪಾಚಿ ಸತ್ತು ಒಡೆದು ಒಳಗಿನ ವಿಷವೆಲ್ಲ ನೀರಿಗೆ ಬಿತ್ತು, ಕೆಲವೇ ದಿನದಲ್ಲಿ ಮಕ್ಕಳು ಮಲಗಿದರು. ಕುದಿಸಿದರೂ ಹೀಗೆಯೇ. ಕೋಶ ಒಡೆಯುತ್ತದೆ, ವಿಷ ಉಳಿಯುತ್ತದೆ. ದಯವಿಟ್ಟು ಹಸಿರು ನೀರನ್ನು ಕುದಿಸಿ ಕುಡಿಯಬೇಡಿ.

ಸಿಹಿನೀರಿನ ಮೀನಿನ ಬಗ್ಗೆ ಒಂದೇ ಸಾಲು: ತಿಂದ ಒಂದು ದಿನದೊಳಗೆ ಮೈಯ ಸ್ನಾಯುಗಳೆಲ್ಲ ಹಿಡಿದುಕೊಂಡು, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಹಾಫ್ ಕಾಯಿಲೆ ಇರಬಹುದು, ಆ ದಿನವೇ ಸ್ನಾಯುವಿನ ಹಾನಿ ತೋರಿಸುವ ಸಿಕೆ ರಕ್ತಪರೀಕ್ಷೆ ಮಾಡಿಸಿ ಕಿಡ್ನಿ ಕಾಪಾಡಬೇಕು.

ನೀವು ಈ ವಾರ ಮಾಡಬೇಕಾದದ್ದು ಇಷ್ಟು. ಒಂದು ಹಾಳೆಯಲ್ಲಿ ಊಟದ ತಾರೀಕು, ಹೊತ್ತು, ಮೀನಿನ ಹೆಸರು ಅಥವಾ ಫೋಟೋ, ಯಾರು ಎಷ್ಟು ತಿಂದರು, ಯಾವುದು ಯಾವಾಗ ಶುರುವಾಯಿತು ಅಂತ ಬರೆಯಿರಿ. ಅದನ್ನು ಹಿಡಿದು ನರರೋಗ ತಜ್ಞರ ಹತ್ತಿರ ಹೋಗಿ, ಇದು ಸಿಗ್ವಟೆರ ಇರಬಹುದಾ ಅಂತ ನೇರವಾಗಿ ಕೇಳಿ. ಉರಿ, ತುರಿಕೆ ಕಡಿಮೆಯಾಗಲು ಅವರು ನರದ ನೋವಿನ ಮಾತ್ರೆ ಕೊಡಬಹುದು. ಮ್ಯಾನಿಟಾಲ್ ಡ್ರಿಪ್ ಹಾಕಿಸಿ ಅಂತ ಯಾರಾದರೂ ಹೇಳಿದರೆ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಬರೀ ಸಲೈನ್‌ಗಿಂತ ಮೇಲಾಗಲಿಲ್ಲ ಅನ್ನುವುದು ಗೊತ್ತಿರಲಿ. ಮೂರು ವಾರದ ಮೇಲಂತೂ ನಾನು ಅದನ್ನು ಹಾಕುವುದಿಲ್ಲ. ಮುಂದಿನ ಆರು ತಿಂಗಳು ಮೀನು, ಮದ್ಯ, ಗೋಡಂಬಿ-ಬಾದಾಮಿಯಂಥ ಬೀಜಗಳನ್ನು ದೂರವಿಡಿ. ಇವುಗಳಿಂದ ಕೆಲವರಿಗೆ ಲಕ್ಷಣಗಳು ತಿರುಗಿ ಬರುತ್ತವೆ. ಮೈ ದಣಿಯುವ ವ್ಯಾಯಾಮವೂ ಸದ್ಯಕ್ಕೆ ಬೇಡ.

ಜುಮುಜುಮು ಬಹಳ ಜನರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕು. ಒಂದು ದಿನ ಪರವಾಗಿಲ್ಲ ಅನ್ನಿಸಿ ಮರುದಿನ ಮತ್ತೆ ಜಾಸ್ತಿಯಾದರೆ ಹೆದರಬೇಡಿ, ಅದು ಇಳಿಯುವುದೇ ಹಾಗೆ. ಆದರೆ ಕೈಕಾಲು ಸೋಲುವುದು, ನುಂಗಲು ಕಷ್ಟ, ಉಸಿರಾಟದ ತೊಂದರೆ, ತಲೆಸುತ್ತಿ ಬೀಳುವುದು ಯಾವುದಾದರೂ ಹೊಸದಾಗಿ ಕಂಡರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಫ್ರೀಜರ್‌ನ ತುಂಡಿನ ವರದಿ ಬಂದ ದಿನ ನನಗೂ ಒಂದು ಸಾಲು ಬರೆಯಿರಿ.